ಗಾಳ ನುಂಗಿದ ಮೀನು: ಕೀಳುವುದೋ, ದಾರ ಕತ್ತರಿಸುವುದೋ

ತುಟಿಗೆ ಸಿಕ್ಕಿದ ಗಾಳ ಬಿಡಿಸೋದು ಯಾರಿಗಾದರೂ ಬರುತ್ತೆ. ಗಂಟಲಿಗಿಳಿದ ಗಾಳದ ಮಾತೇ ಬೇರೆ. ಮಾರ್ಕೋನಹಳ್ಳಿ ಹಿನ್ನೀರಾಗಲಿ, ಬೇತಮಂಗಲದ ಕೆರೆಯಾಗಲಿ, ಊರ ಮುಂದಿನ ಕಟ್ಟೆಯಾಗಲಿ, ಹಿಡಿದು ಬಿಡುವ ಹವ್ಯಾಸದವರು ಮೀನು ಕೊಲ್ಲುವುದು ಹೆಚ್ಚಾಗಿ ಇಲ್ಲೇ. ಗಾಳ ಕಳೆದುಕೊಳ್ಳಲು ಮನಸ್ಸಿಲ್ಲದೆ ಗಂಟಲು ಕೆದಕುತ್ತಾರೆ. ಮೀನು ಬಾಲ ಬಡಿದು ಹೋಗುತ್ತೆ, ನೋಡಿದವರಿಗೆ ಬದುಕಿತು ಅನ್ನಿಸುತ್ತೆ. ಸಾಯುವುದು ಆಮೇಲೆ, ಯಾರ ಕಣ್ಣಿಗೂ ಬೀಳದ ಕಡೆ. ಐದು ರೂಪಾಯಿಯ ಗಾಳಕ್ಕೆ ಎರಡು ಕಿಲೋ ಮೀನು.

ಮೀನಿನ ಹೃದಯ ಇರುವ ಜಾಗ ಗೊತ್ತಿದ್ದರೆ ಕೈ ತಾನಾಗಿ ತಡೆಯುತ್ತೆ. ಕಿವಿರುಗಳ ಹಿಂದುಗಡೆ, ಗಂಟಲಿನ ತಳಕ್ಕೆ ಅಂಟಿಕೊಂಡಂತೆ ಅದು ಕೂತಿರುತ್ತೆ. ಅಲ್ಲಿಂದ ಹೊರಟ ರಕ್ತವೆಲ್ಲ ಮೊದಲು ಕಿವಿರಿಗೇ ಹೋಗುತ್ತೆ. ಅನ್ನನಾಳದ ಪಕ್ಕದಲ್ಲೇ ಪಿತ್ತಜನಕಾಂಗ. ಗಂಟಲಿನ ಆಳಕ್ಕೆ ಇಕ್ಕಳ ತೂರಿಸಿ ಎಳೆದರೆ ಗಾಳದ ಮೊನೆ ಇವುಗಳಲ್ಲಿ ಯಾವುದನ್ನು ಬೇಕಾದರೂ ಸೀಳಬಹುದು. ಹೊರಗೆ ಒಂದು ಹನಿ ರಕ್ತ ಕಾಣದಿದ್ದರೂ ಒಳಗೆ ಹರಿಯುತ್ತಿರಬಹುದು.

ಹಾಗಾಗಿ ನನ್ನ ಲೆಕ್ಕ ಸುಲಭದ್ದು. ಬಾಯಿ ತೆರೆದಾಗ ದಾರ ಕಟ್ಟಿದ ತೂತು, ಅಂದರೆ ಗಾಳದ ಕಣ್ಣು, ಕಾಣಿಸುತ್ತಿದ್ದು ಇಕ್ಕಳಕ್ಕೆ ಸಲೀಸಾಗಿ ಸಿಗುವಂತಿದ್ದರೆ ಬಿಡಿಸುತ್ತೇನೆ. ಕಾಣದಿದ್ದರೆ ದಾರ ಕತ್ತರಿಸುತ್ತೇನೆ. ಇದನ್ನು ತೀರ್ಮಾನಿಸಲು ಹತ್ತು ಸೆಕೆಂಡು. ದಾರ ನೇರವಾಗಿ ನಡುಗಂಟಲಿಗೆ ಇಳಿದಿದ್ದರೆ ಗಾಳ ಅನ್ನನಾಳದಲ್ಲಿದೆ. ಒಂದು ಪಕ್ಕಕ್ಕೆ ವಾಲಿದ್ದರೆ ಕಿವಿರಿನ ಕಮಾನಿಗೆ ಸಿಕ್ಕಿರುವ ಸಂಭವ ಹೆಚ್ಚು. ಆಗ ಕಿವಿರಿನ ಮುಚ್ಚಳವನ್ನು ಹೆಬ್ಬೆರಳಿನಿಂದ ಸ್ವಲ್ಪವೇ ಎತ್ತಿ ನೋಡಿದರೆ ತಿಳಿಯುತ್ತೆ.

ಈ ಲೆಕ್ಕ ಬರೀ ಊಹೆಯದ್ದಲ್ಲ. ಬ್ಲೂಗಿಲ್ ಅನ್ನುವ, ನಮ್ಮ ಜಿಲೇಬಿ ಮೀನಿನ (ತಿಲಾಪಿಯಾ) ಗಾತ್ರದ ಅಮೆರಿಕದ ಸಿಹಿನೀರು ಮೀನಿನ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದಿದೆ. ಆಳಕ್ಕಿಳಿದ ಗಾಳವನ್ನು ಕಿತ್ತ ಗುಂಪಿನಲ್ಲಿ ಹತ್ತು ದಿನಕ್ಕೆ ನೂರಕ್ಕೆ 44ರಷ್ಟು ಸತ್ತವು. ದಾರ ಕತ್ತರಿಸಿ ಬಿಟ್ಟ ಗುಂಪಿನಲ್ಲಿ ಸತ್ತದ್ದು ನೂರಕ್ಕೆ 12.5. ಗಾಳ ಒಳಗೇ ಉಳಿದ ಮೀನುಗಳಲ್ಲಿ ಹತ್ತಕ್ಕೆ ಏಳು, ಆ ಹತ್ತು ದಿನದೊಳಗೆ ತಾವೇ ಅದನ್ನು ಹೊರಹಾಕಿದ್ದವು. ಕೊರಮೀನಿಗೂ ರೋಹುಗೂ ಇದೇ ಅಂಕಿ ಅಂತ ಹೇಳಲಾಗದು. ಆದರೆ ಗಂಟಲಿನ ರಚನೆ ನೋಡಿದರೆ ವಾಲುವುದು ಈ ಕಡೆಗೇ.

ಚೀಲದಲ್ಲಿ ಇರಬೇಕಾದ್ದು ಹೆಚ್ಚೇನಿಲ್ಲ. ಸರ್ಜಿಕಲ್ ಅಂಗಡಿಯಲ್ಲಿ ಸಿಗುವ ಎಂಟು ಇಂಚಿನ ಬಾಗಿದ ಆರ್ಟರಿ ಫೋರ್ಸೆಪ್ಸ್, ಅಂದರೆ ಹಿಡಿದರೆ ಲಾಕ್ ಆಗುವ ಸಪೂರ ಇಕ್ಕಳ, ಒಂದು. ಐದು ಇಂಚಿನದು ದೊಡ್ಡ ಕೊರಮೀನಿನ ಬಾಯಲ್ಲಿ ಅರ್ಧಕ್ಕೇ ನಿಲ್ಲುತ್ತೆ, ಆಮೇಲೆ ಬೆರಳು ಹಾಕಿ ಕಚ್ಚಿಸಿಕೊಳ್ಳಬೇಕಾಗುತ್ತೆ. ಎಲೆಕ್ಟ್ರಿಷಿಯನ್‌ಗಳು ಬಳಸುವ ಸೈಡ್ ಕಟರ್ ಒಂದು, ಇದು ಗಾಳದ ಕಡ್ಡಿಯನ್ನೇ ಕತ್ತರಿಸುವಂತಿರಬೇಕು. ಮೊಂಡು ತುದಿಯ ಕತ್ತರಿ. ಕೆರೆನೀರು ತುಂಬಿದ ಬಕೆಟ್. ಮೀನು ಮಲಗಿಸಲು ಹಳೇ ಯೋಗ ಮ್ಯಾಟಿನ ತುಂಡು, ಅದೂ ಒದ್ದೆ ಮಾಡಿದ್ದು. ಗೋಣಿಚೀಲದ ಮೇಲೆ ಹಾಕಬೇಡಿ, ಒದ್ದೆ ಮಾಡಿದ್ದರೂ ಬೇಡ. ಸೆಣಬಿನ ನಾರು ಮೈಮೇಲಿನ ಲೋಳೆಯನ್ನು ಒರೆಸಿಬಿಡುತ್ತೆ, ಲೋಳೆ ಹೋದ ಜಾಗಕ್ಕೆ ಬೂಸ್ಟು ಹಿಡಿಯುತ್ತೆ. ಏಪ್ರಿಲ್ ಬಿಸಿಲಲ್ಲಿ ಏರಿಯ ಕಲ್ಲು ಹಂಚಿನ ಹಾಗೆ ಕಾದಿರುತ್ತೆ, ಅಲ್ಲಂತೂ ಮೀನಿಡಬಾರದು. ಕೈಯನ್ನೂ ಮೊದಲು ನೀರಲ್ಲಿ ಅದ್ದಿಕೊಳ್ಳಿ.

ಸಣ್ಣ ಬಾಯಿಯ ಮೀನಿಗೆ ಫೋರ್ಸೆಪ್ಸ್ ಹಾಕಿದರೆ ಒಳಗೆ ಏನೂ ಕಾಣೋದಿಲ್ಲ. ಎರೆಹುಳು ನುಂಗಿದ ರೋಹು ಮರಿ, ಗೆಂಡೆ ಮರಿಗಳಿಗೆ ಬಿದಿರಿನ ಕಡ್ಡಿ ಒಳ್ಳೇದು. ಪೆನ್ಸಿಲ್‌ಗಿಂತ ಸ್ವಲ್ಪ ತೆಳ್ಳಗಿನ, ಒಂದು ಗೇಣಿನ ಕಡ್ಡಿ. ತುದಿಯಲ್ಲಿ ಐದು ಮಿಲಿಮೀಟರ್ ಆಳಕ್ಕೆ ಕವೆಯಂತೆ ಸೀಳಿ, ಅಂಚನ್ನು ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿಕೊಳ್ಳಬೇಕು. ದಾರವನ್ನು ಒಂದು ಕೈಯಲ್ಲಿ ಹಗುರವಾಗಿ ಬಿಗಿ ಹಿಡಿದು, ಕವೆಯನ್ನು ದಾರದ ಮೇಲೆ ಕೂರಿಸಿ ಗಾಳದ ಬಾಗಿಗೆ ತಗಲುವವರೆಗೆ ಇಳಿಸಿ. ತಗಲಿದ ಮೇಲೆ ಎರಡು ಮೂರು ಮಿಲಿಮೀಟರ್ ಒಳಕ್ಕೇ ಒತ್ತಿ. ಮೊನೆಯ ಪಕ್ಕದ ಮರುಮುಳ್ಳು ಹೊಕ್ಕ ದಾರಿಯಲ್ಲೇ ಹಿಂದಕ್ಕೆ ಬರಬೇಕಾದ್ದರಿಂದ ಮೊದಲು ಒಳಕ್ಕೆ ಒತ್ತಬೇಕು, ನೇರ ಎಳೆದರೆ ಮಾಂಸದ ಸಮೇತ ಬರುತ್ತೆ. ಒತ್ತಿ, ಕಾಲು ಸುತ್ತು ತಿರುಗಿಸಿ, ದಾರ ಕಡ್ಡಿ ಎರಡನ್ನೂ ಒಟ್ಟಿಗೆ ಹೊರಗೆ ತನ್ನಿ. ಒಂದು ಸಲ ಆಗಲಿಲ್ಲವೋ, ಇನ್ನೊಂದು ಸಲ ನೋಡಿ. ಮೂರನೇ ಸಲ ಬೇಡ, ಕತ್ತರಿ ತೆಗೆದುಕೊಳ್ಳಿ.

ಕೊರಮೀನಿನಲ್ಲಿ ಫೋರ್ಸೆಪ್ಸಿನ ಕೆಲಸವೂ ಇದೇ ತತ್ವದ್ದು. ಗಾಳದ ಕಡ್ಡಿಯನ್ನು ಬಾಗಿನ ಹತ್ತಿರ ಹಿಡಿದು ಲಾಕ್ ಮಾಡಿ, ಒಳಕ್ಕೆ ಒತ್ತಿ, ಮಣಿಕಟ್ಟು ತಿರುಗಿಸಿ. ಮೊನೆ ಇನ್ನೊಂದು ಕಡೆಯಿಂದ ಹೊರಬಂದು ಕಾಣುತ್ತಿದ್ದರೆ ಮೊನೆಯನ್ನೇ ಸೈಡ್ ಕಟರಿನಿಂದ ಕತ್ತರಿಸಿಬಿಡಿ. ಉಳಿದ ಕಡ್ಡಿ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಬರುತ್ತೆ. ಕತ್ತರಿಸುವಾಗ ಒಂದು ಬೆರಳು ಅಡ್ಡ ಇಟ್ಟುಕೊಳ್ಳಿ, ಇಲ್ಲದಿದ್ದರೆ ಚೂರು ಹಾರಿ ಕಣ್ಣಿಗೆ ಬೀಳುತ್ತೆ.

ಕಿವಿರಿನ ಸಂದಿಯಿಂದ ಫೋರ್ಸೆಪ್ಸ್ ತೂರಿಸಿ, ಗಾಳವನ್ನು ಮಗುಚಿ ತೆಗೆಯುವ ಒಂದು ವಿಧಾನ ಇದೆ. ದಾರ ಸಡಿಲ ಬಿಟ್ಟು, ಕಡ್ಡಿಯನ್ನು ಕಿವಿರಿನ ಕಡೆಯಿಂದ ಹಿಡಿದು, ಗಾಳದ ಕಣ್ಣು ಕಿವಿರಿನ ಬಾಗಿಲ ಕಡೆಗೆ ಬರುವಂತೆ ಹೊರಳಿಸುವುದು. ಹೊರಳಿದಾಗ ಮೊನೆ ತಾನಾಗಿ ಕಳಚಿಕೊಳ್ಳುತ್ತೆ, ಆಮೇಲೆ ಬಾಯಿಯಿಂದ ತೆಗೆಯುವುದು. ದೊಡ್ಡ ಬಾಯಿಯ ಬಾಸ್ ಮೀನಿಗೆ ವಿದೇಶದವರು ಇದನ್ನು ಚೆನ್ನಾಗಿ ಮಾಡುತ್ತಾರೆ. ಒಂದು ಕಿಲೋ ದಾಟಿದ ಕೊರಮೀನಿನಲ್ಲಿ, ಕಿವಿರಿನ ಎಳೆಗೆ ಲೋಹ ತಾಗದೆ ದಾರಿ ಸಿಕ್ಕಿದರೆ ಮಾತ್ರ ನಾನು ಇದಕ್ಕೆ ಕೈ ಹಾಕೋದು. ಕಾಟ್ಲಾ, ರೋಹು, ಗೆಂಡೆಗೆ ಬೇಡವೇ ಬೇಡ. ಅವುಗಳ ಕಿವಿರು ಸಂದಿ ಕಿರಿದು, ಗಂಟಲೊಳಗೆ ಹಲ್ಲು ಬೇರೆ.

ದಾರ ಕತ್ತರಿಸುವುದರಲ್ಲೂ ತಪ್ಪು ಮಾಡಬಹುದು. ಮೀನನ್ನು ದಾರದಲ್ಲಿ ನೇತಾಡಿಸಿಕೊಂಡು ಕತ್ತರಿಸುವವರಿದ್ದಾರೆ. ಮೀನಿನ ಪೂರ್ತಿ ಭಾರ ಆಗ ಗಂಟಲಲ್ಲಿ ಚುಚ್ಚಿದ ಮೊನೆಯ ಮೇಲೆ ಬೀಳುತ್ತೆ. ಮೀನು ನೀರಲ್ಲೇ ಇರಲಿ, ಇಲ್ಲವೇ ಮ್ಯಾಟಿನ ಮೇಲೆ ಮಲಗಿರಲಿ. ದಾರವನ್ನು ನೆಟ್ಟಗಾಗುವಷ್ಟು ಮಾತ್ರ ಹಿಡಿದು, ಕತ್ತರಿಯ ಮೊಂಡು ತುದಿ ಎಷ್ಟು ಒಳಗೆ ಹೋಗುತ್ತೋ ಅಷ್ಟು ಒಳಗೆ, ಗಾಳದ ಕಣ್ಣಿಗೆ ಹತ್ತಿರ ಕತ್ತರಿಸಿ. ಬಾಯಿಂದ ಹೊರಗೆ ದಾರದ ಬಾಲ ಜೋತಾಡಬಾರದು. ಜೋತಾಡಿದರೆ ಜೊಂಡಿಗೆ, ಮುಳುಗಿದ ಜಾಲಿಮುಳ್ಳಿಗೆ ಸುತ್ತಿಕೊಂಡು ಮೀನು ಅಲ್ಲೇ ಕಟ್ಟಿಹಾಕಿದಂತೆ ಆಗುತ್ತೆ. ಬ್ರೇಡ್ ಲೈನ್, ಅಂದರೆ ಎಳೆಗಳನ್ನು ಹೆಣೆದ ದಾರ, ಬಳಸುವವರು ಕೊನೆಗೆ ಒಂದೂವರೆ ಅಡಿ ನೈಲಾನ್ ದಾರ ಸೇರಿಸಿ ಗಾಳ ಕಟ್ಟಿಕೊಳ್ಳಿ. ಬ್ರೇಡ್ ಒದ್ದೆಯಾದಾಗ ಮೊಂಡು ಕತ್ತರಿಗೆ ಬಗ್ಗೋದಿಲ್ಲ, ಒಳಗೆ ಅಲುಗಿದರೆ ಗರಗಸದಂತೆ ಕೊಯ್ಯುತ್ತೆ.

ಗಾಳ ಎರಡು ದಿನದಲ್ಲಿ ತುಕ್ಕು ಹಿಡಿದು ಕರಗಿಹೋಗುತ್ತೆ ಅನ್ನೋದು ಕೆರೆ ಏರಿ ಮೇಲಿನ ಮಾತು. ಸಿಹಿನೀರಲ್ಲಿ ಅದಕ್ಕೆ ವಾರಗಳು, ತಿಂಗಳುಗಳೇ ಬೇಕು. ಅಷ್ಟರಲ್ಲಿ ಮೀನು ಹೊರಹಾಕಿರುತ್ತೆ, ಇಲ್ಲವೇ ಸುತ್ತ ಮಾಂಸ ಬೆಳೆದು ಮುಚ್ಚಿರುತ್ತೆ. ಸ್ಟೇನ್‌ಲೆಸ್ ಗಾಳ ಮಾತ್ರ ಕರಗುವ ಮಾತೇ ಇಲ್ಲ. ಬಿಡುವ ಉದ್ದೇಶ ಇದ್ದರೆ ಕಂದುಬಣ್ಣದ ಸಾಧಾರಣ ಉಕ್ಕಿನ ಗಾಳವನ್ನೇ ಕೊಳ್ಳಿ. ಮರುಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಿಕೊಂಡು ಹೋಗಿ. ಹತ್ತಿಬಟ್ಟೆಗೆ ಚುಚ್ಚಿ ಎಳೆದಾಗ ಸಿಕ್ಕಿಕೊಳ್ಳದಿದ್ದರೆ ಸರಿಯಾಗಿ ಅಮುಕಿದೆ ಅಂತ.

ಕಿವಿರಿನಿಂದ ಕೆಂಪುರಕ್ತ ಚಿಮ್ಮುತ್ತಿದ್ದರೆ ಸೋಡಾ ಸುರಿಯುವ ಉಪಾಯ ಈಗ ಮೊಬೈಲ್ ವಿಡಿಯೋಗಳಲ್ಲಿ ಓಡಾಡುತ್ತಿದೆ. ಕೆನಡಾದಲ್ಲಿ ಪೈಕ್ ಮೀನಿನ ಮೇಲೆ ಇದನ್ನು ಪರೀಕ್ಷಿಸಿದಾಗ ಉಪಯೋಗವೇನೂ ಕಾಣಲಿಲ್ಲ. ಮಾಡಬಹುದಾದ್ದು ಒಂದೇ, ತಕ್ಷಣ ನೀರಿಗೆ ಹಾಕಿ ಮುಟ್ಟದೆ ಬಿಡುವುದು. ಕಿವಿರಿನ ಕಮಾನೇ ಹರಿದಿದ್ದರೆ ಬಿಡುವ ನಾಟಕ ಬೇಡ. ತಲೆಗೆ ಒಂದೇಟು ಕೊಟ್ಟು ಸಾರಿಗೆ ತೆಗೆದುಕೊಂಡು ಹೋಗುವುದೇ ಮರ್ಯಾದೆ, ಗುತ್ತಿಗೆದಾರರ ಒಪ್ಪಿಗೆ ಇದ್ದರೆ. ಕೆರೆಗಳು ಗುತ್ತಿಗೆಯವರ ಇಲ್ಲವೇ ಮೀನುಗಾರರ ಸಹಕಾರ ಸಂಘದ ಕೈಯಲ್ಲಿರುತ್ತವೆ, ಬಿತ್ತನೆ ಮರಿಗೆ ದುಡ್ಡು ಹಾಕಿದವರು ಅವರು. ಗಾಳ ಹಾಕುವ ಮೊದಲೇ ಕೇಳಿಕೊಳ್ಳಬೇಕಾದ ಮಾತು ಇದು.

ನೀರಿಗೆ ಬಿಡುವ ಹಂತದಲ್ಲಿ ಕೊರಮೀನಿನ ವಿಷಯಕ್ಕೆ ತಪ್ಪು ಮಾಡುವವರೇ ಜಾಸ್ತಿ. ಅದು ಬರೀ ಕಿವಿರಿನಿಂದ ಬದುಕುವ ಮೀನಲ್ಲ. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸಲೇಬೇಕು, ಅದಕ್ಕೆ ಬಿಡದಿದ್ದರೆ ನೀರಲ್ಲೇ ಉಸಿರುಕಟ್ಟುತ್ತೆ. ಸುಸ್ತಾದ ಕೊರಮೀನನ್ನು ಮುಳುಗಿದ ಬಲೆಚೀಲದಲ್ಲಿ ಕೂಡಿಡುವುದು, ನೀರಡಿ ಒತ್ತಿ ಹಿಡಿದು 'ಚೇತರಿಸಿಕೊಳ್ಳಲಿ' ಅಂತ ಕಾಯುವುದು, ಎರಡೂ ಕೊಲ್ಲುವ ಕೆಲಸ. ಮೊಣಕಾಲುದ್ದದ ನೀರಲ್ಲಿ ಹೊಟ್ಟೆ ಕೆಳಗೆ ಕೈ ಕೊಟ್ಟು ನಿಲ್ಲಿಸಿ, ತಲೆ ಮೇಲೆತ್ತಲು ಜಾಗ ಬಿಡಿ. ಗಾಳಿ ಕುಡಿಯುವ ಮೀನು ಅಂತ ನೆಲದ ಮೇಲೆ ಹತ್ತು ನಿಮಿಷ ಹಾಕುವುದೂ ತಪ್ಪು. ಲೋಳೆ ಒಣಗುವುದು ಅದಕ್ಕೂ ಒಣಗುತ್ತೆ.

ಕಾಟ್ಲಾ, ರೋಹುಗೆ ಗಾಳಿಯಲ್ಲಿ ಮೂವತ್ತು ಸೆಕೆಂಡು ಅಂದರೆ ಮೇಲ್ಮಿತಿ. ಫೋಟೋ ಬೇಕಿದ್ದರೆ ಮೊಬೈಲ್ ಮೊದಲೇ ಸಿದ್ಧ ಇರಲಿ. ಗಾಳ ನುಂಗಿದ ಮೀನಿಗೆ ಫೋಟೋ ಬೇಡ ಅನ್ನೋದು ನನ್ನ ಮತ. ನೀರಲ್ಲಿ ಹಿಡಿದಾಗ ಹಿಂದಕ್ಕೂ ಮುಂದಕ್ಕೂ ಆಡಿಸಬೇಡಿ, ಹಿಂದಕ್ಕೆ ಎಳೆದಾಗ ನೀರು ಕಿವಿರಿನ ಎಳೆಗಳನ್ನು ತಿರುಗಾಮುರುಗಾ ಮಾಡುತ್ತೆ. ತಲೆ ಗಾಳಿಯ ಅಲೆ ಬರುವ ದಿಕ್ಕಿಗಿರಲಿ, ನೆಟ್ಟಗೆ ಹಿಡಿದುಕೊಳ್ಳಿ, ಅದೇ ಕೈಯಿಂದ ಜಾರಿಕೊಂಡು ಹೋಗುವವರೆಗೆ. ಮಾರ್ಚ್‌ನಿಂದ ಮೇ ತನಕ ಕೆರೆ ತಳ ಹಿಡಿದಿರುವಾಗ ಈ ಸಮಯ ಇನ್ನೂ ಬೇಕು. 30 ಡಿಗ್ರಿ ನೀರಲ್ಲಿ ಲೀಟರಿಗೆ ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ ಆಮ್ಲಜನಕ ನಿಲ್ಲುತ್ತೆ, 20 ಡಿಗ್ರಿಯಲ್ಲಿ ಒಂಬತ್ತು. ಅದು ಸಮುದ್ರಮಟ್ಟದ ಲೆಕ್ಕ, ನಮ್ಮ ಬಯಲುಸೀಮೆಯ ಎತ್ತರಕ್ಕೆ ಇನ್ನೂ ಕಡಿಮೆ. ಹಸಿರುಗಟ್ಟಿದ ಕೆರೆಯಲ್ಲಿ ಪಾಚಿ ರಾತ್ರಿಯಿಡೀ ಆಮ್ಲಜನಕ ಕುಡಿದು, ಬೆಳಗಿನ ಜಾವಕ್ಕೆ ಅದು ತೀರಾ ಇಳಿದಿರುತ್ತೆ. ತಂಪು ಹೊತ್ತು ಒಳ್ಳೇದು ಅಂತ ಸೂರ್ಯ ಹುಟ್ಟುವ ಮೊದಲೇ ಅಂಥ ಕೆರೆಗೆ ಹೋಗುವುದು ಹಿಡಿದು ಬಿಡುವವರಿಗೆ ಹೇಳಿಸಿದ್ದಲ್ಲ. ಎಂಟು ಗಂಟೆ ಮೇಲೆ ಹೋಗಿ.

ಇಷ್ಟೆಲ್ಲ ಬೇಕಾಗುವುದು ಮೀನು ಗಾಳ ನುಂಗಿದಾಗ. ನುಂಗಿಸುವುದು ಬಹುಪಾಲು ನಾವೇ. ಜೀವಂತ ಕಪ್ಪೆ, ಸಣ್ಣ ಮೀನು ಕಟ್ಟಿದಾಗ 'ಕೊರಮೀನು ಕಚ್ಚಿದ ಮೇಲೆ ಹತ್ತು ಎಣಿಸು, ಪೂರ್ತಿ ನುಂಗಲಿ' ಅನ್ನೋ ರೂಢಿ ಸಾರಿನ ಮೀನಿಗೆ ಸರಿ, ಬಿಡುವ ಮೀನಿಗಲ್ಲ. ದಾರ ಓಡಲು ಶುರುವಾದ ತಕ್ಷಣ ಎಳೆಯಬೇಕು, ನಾಲ್ಕಕ್ಕೆ ಎರಡು ತಪ್ಪಿಹೋದರೂ ಸರಿ. ಕೋಲು ನೆಟ್ಟು ನೆರಳಲ್ಲಿ ಬೀಡಿ ಸೇದುತ್ತಾ ಕೂರುವುದು, ಬೆಂಡಿನ ಕೆಳಗೆ ದಾರ ಸಡಿಲ ಬಿಡುವುದು, ದೊಡ್ಡ ಬಾಯಿಗೆ ಆರನೇ ನಂಬರಿನ ಪುಟ್ಟ ಗಾಳ ಕಟ್ಟುವುದು, ಎಲ್ಲದರ ಫಲವೂ ಗಂಟಲಲ್ಲೇ. ಗಾಳದ ನಂಬರು ಜಾಸ್ತಿಯಾದಷ್ಟೂ ಗಾಳ ಚಿಕ್ಕದು ಅನ್ನೋದು ಹೊಸಬರು ಮರೆಯುವ ವಿಷಯ. ಸೊನ್ನೆ ಹಚ್ಚಿದ 1/0, 2/0ರ ಸಾಲು ಮಾತ್ರ ಇದಕ್ಕೆ ಉಲ್ಟಾ, ಅಲ್ಲಿ ನಂಬರು ಏರಿದಂತೆ ಗಾಳ ದೊಡ್ಡದು. ಕೊರಮೀನಿಗೆ 1/0 ಅಥವಾ 2/0 ಕಟ್ಟಿ. ಮೊನೆ ಕಡ್ಡಿಯ ಕಡೆಗೇ ಬಾಗಿರುವ ಸರ್ಕಲ್ ಹುಕ್ ಸಿಕ್ಕರೆ ಇನ್ನೂ ಒಳ್ಳೇದು. ಗಂಟಲಿಂದ ಜಾರಿ ಬಂದು ತುಟಿಯ ಮೂಲೆಗೆ ಸಿಕ್ಕಿಕೊಳ್ಳುತ್ತೆ. ಆದರೆ ಅದಕ್ಕೆ ಝಾಡಿಸಿ ಎಳೆಯಬಾರದು, ರೀಲ್ ಸುತ್ತಿ ಬಿಗಿ ಮಾಡುತ್ತಾ ಹೋಗಬೇಕು ಅಷ್ಟೆ. ಹಳೇ ಅಭ್ಯಾಸದ ಕೈ ಇದಕ್ಕೆ ಬಗ್ಗಲು ಎರಡು ಮೂರು ವಾರ ಬೇಕು. ಕಡ್ಡಿಗೆ ಓರೆಯಾಗಿ ಮೊನೆ ತಿರುಗಿಸಿದ ಸರ್ಕಲ್ ಹುಕ್‌ನಲ್ಲಿ ಈ ಗುಣ ಕಮ್ಮಿ, ಮೇಜಿನ ಮೇಲೆ ಮಲಗಿಸಿದಾಗ ಚಪ್ಪಟೆ ಕೂರುವಂಥದ್ದನ್ನೇ ಆರಿಸಿ. ಕಡಲೆಕಾಯಿ ಹಿಂಡಿ ಉಂಡೆಗೆ ಐದಾರು ಗಾಳದ ಗೊಂಚಲು ಕಟ್ಟುವ ಪದ್ಧತಿಯನ್ನು ಬಿಡುವವರು ಬಿಟ್ಟೇಬಿಡಬೇಕು. ಒಂದು ಬಾಯಿಗೆ, ಎರಡು ಕಿವಿರಿಗೆ, ಒಂದು ಕಣ್ಣಿಗೆ ಸಿಕ್ಕಿರುತ್ತೆ.

ಮಳೆಗಾಲದಲ್ಲಿ ಕೆಂಪಗೆ ಕಿತ್ತಳೆ ಬಣ್ಣದ ಮರಿಗಳು ಉಂಡೆಗಟ್ಟಿ ಓಡಾಡುವುದು ಕಂಡರೆ ಅದರ ಕೆಳಗೆ ತಾಯಿ ತಂದೆ ಕೊರಮೀನು ಕಾಯುತ್ತಿರುತ್ತವೆ. ಏನು ಬಿದ್ದರೂ ಮೇಲೆ ಬೀಳುತ್ತವೆ, ಆದ್ದರಿಂದಲೇ ಅಲ್ಲಿ ಗಾಳ ಬೀಸುವ ಆಸೆ. ಬೀಸಬೇಡಿ. ತಪ್ಪಿ ಸಿಕ್ಕಿತೋ, ಹಿಡಿದ ಜಾಗದಲ್ಲೇ, ಆಗಲೇ ಬಿಡಿ. ಕಾಯುವವರಿಲ್ಲದ ಮರಿಗಳನ್ನು ಜಿಲೇಬಿಗಳು ತಿಂದು ಮುಗಿಸುತ್ತವೆ. ಚೇಳುಮೀನು ಸಿಕ್ಕಿದರೆ ಕೈಯಲ್ಲಿ ಹಿಡಿಯದೆ ನೀರಲ್ಲೇ ದಾರ ಕತ್ತರಿಸಿ. ಎದೆಯ ರೆಕ್ಕೆಯ ಮುಳ್ಳಲ್ಲಿ ವಿಷ ಇದೆ, ಚುಚ್ಚಿದರೆ ಕೈ ತಾಳುವಷ್ಟು ಬಿಸಿಯ ನೀರಲ್ಲಿ ಅರ್ಧ ಗಂಟೆಗೂ ಹೆಚ್ಚು ಅದ್ದಿಡಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ವಾಪಸ್ ಬಿಡುವ ಮೀನಲ್ಲ. ಅದರ ಸಾಕಣೆಯೇ ದೇಶದಲ್ಲಿ ನಿಷೇಧ, ಗಾಳ ಎಷ್ಟು ಆಳಕ್ಕಿದ್ದರೂ ಚಿಂತೆ ಬೇಡ.

ಕತ್ತರಿಸಿದ ದಾರದ ತುಂಡುಗಳನ್ನು ಒಂದು ಡಬ್ಬಿಗೆ ಹಾಕಿಕೊಂಡು ಮನೆಗೆ ತನ್ನಿ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳು ಮೇಯುವುದು ಇಂಥ ಕೆರೆಗಳ ಅಂಚಿನಲ್ಲೇ, ಮೊಣಕಾಲುದ್ದ ನೀರಲ್ಲಿ. ಎಸೆದ ನೈಲಾನ್ ಅವುಗಳ ಕಾಲಿಗೆ ಸುತ್ತಿಕೊಂಡರೆ ಬಿಡಿಸಲು ಅಲ್ಲಿ ಯಾರೂ ಫೋರ್ಸೆಪ್ಸ್ ಹಿಡಿದು ಕೂತಿರೋದಿಲ್ಲ.