ವಾಕಿ-ಟಾಕಿ ಯಾರ ಕೈಗೆ ಕೊಡಬೇಕು?

ಸೈಟಿಗೆ ವಾಕಿ-ಟಾಕಿ ತರುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು, "ಯಾವ ಕಂಪನಿದು? ಎಷ್ಟಾಯ್ತು?" ನಾನು ಮೊದಲು ತೀರ್ಮಾನ ಮಾಡುವುದು ಬೇರೆ ವಿಷಯ: ಸೆಟ್ ಯಾರ ಕೈಯಲ್ಲಿರಬೇಕು? ಸಾಮಾನ್ಯವಾಗಿ ಅದು ಇಂಜಿನಿಯರ್, ಸೂಪರ್‌ವೈಸರ್, ಹೆಚ್ಚೆಂದರೆ ಮೇಸ್ತ್ರಿಯ ಸೊಂಟಕ್ಕೆ ಹೋಗುತ್ತದೆ. ಸುಮ್ನೆ ಗತ್ತಿಗೆ. ಕೆಲಸ ನಿಲ್ಲಿಸಿ ಅಂತ ಮೊದಲು ಕೂಗಬೇಕಾದವನು ಅವರಲ್ಲಿ ಯಾರೂ ಅಲ್ಲ.

ಕುಮಟಾದಿಂದ ಕಾರವಾರದವರೆಗೆ, ಮೇಲೆ ಶಿರಸಿ ರಸ್ತೆಯಲ್ಲಿ, ಸಣ್ಣ-ಮಧ್ಯಮ ಗುತ್ತಿಗೆ ಹಿಡಿದು ಕೆಲಸ ಮಾಡಿಸುವವನು ನಾನು. ಕಾರವಾರದ ಕೋಡಿಬಾಗದಲ್ಲಿ ಒಂದು ಅಪಾರ್ಟ್‌ಮೆಂಟಿನ ಮೂರನೇ ಸ್ಲ್ಯಾಬ್ ಹಾಕುವಾಗ ಮಾಡಿಕೊಂಡ ವ್ಯವಸ್ಥೆ ಹೇಳುತ್ತೇನೆ. ಕಾಂಕ್ರೀಟ್ ಪಂಪ್ ಕೆಳಗೆ, ರಸ್ತೆ ಬದಿಗೆ. ಅದರ ಆಪರೇಟರಿಗೆ ಮೇಲೆ ಏನಾಗ್ತಿದೆ ಅಂತ ಕಾಣುವುದಿಲ್ಲ. ಮೇಲೆ ಹೋಸ್ ಹಿಡಿದವನಿಗೆ ಕೆಳಗಿನದು ಕಾಣುವುದಿಲ್ಲ. ನಡುವೆ ಪಂಪಿನ ಗದ್ದಲ, ಕಾಂಕ್ರೀಟ್ ಅದುರಿಸಿ ಕೂರಿಸುವ ವೈಬ್ರೇಟರ್ ಗದ್ದಲ. ಒಂದೇ ಜಾಗದಲ್ಲಿ ಕಾಂಕ್ರೀಟ್ ಜಾಸ್ತಿ ಬಿದ್ದು ಗುಡ್ಡೆಯಾದರೆ ಸೆಂಟ್ರಿಂಗ್, ಅಂದರೆ ಸ್ಲ್ಯಾಬ್ ಹೊರುವ ಹಲಗೆ-ಕಂಬದ ಆಸರೆ, ಕುಸಿಯಬಹುದು. ಪೈಪ್ ಬ್ಲಾಕ್ ಆಗಿ ಒತ್ತಡ ಏರಿತೆಂದರೆ, ಬಿಡುವಾಗ ಹೋಸ್ ಬೀಸಿ ಹೊಡೆದು ಪಕ್ಕದಲ್ಲಿದ್ದವನನ್ನು ಕೆಡವುತ್ತದೆ.

ಇದೆಲ್ಲ ಮೊದಲು ಗೊತ್ತಾಗುವುದು ಹೋಸ್ ಹಿಡಿದವನಿಗೆ. ಆದರೆ ಅವನ ಎರಡೂ ಕೈ ಹೋಸಿನ ಮೇಲೆ. ಬಟನ್ ಒತ್ತುವುದು ಹೇಗೆ? ಹಾಗಾಗಿ ಅವನ ಹಿಂದೆ ನಿಂತು ಹೋಸ್ ಎಳೆದುಕೊಡುವ ಹುಡುಗನ ಎದೆಗೆ ಸೆಟ್ ಕಟ್ಟಿದೆವು. ಕೊಪ್ಪಳ ಕಡೆಯವನು. "ಸರ, ನಾ ಹೇಳಿದ್ರ ಆಪರೇಟರ್ ಕೇಳ್ತಾನೇನ್ರಿ?" ಅಂದ. ಆಪರೇಟರ್ ಎದುರಿಗೇ ಹೇಳಿಬಿಟ್ಟೆ: ಪಂಪ್ ನಿಲ್ಲಿಸು ಅಂತ ಈ ಹುಡುಗ ಹೇಳಿದರೆ ನನ್ನನ್ನೂ ಕೇಳಬೇಡ, ನಿಲ್ಲಿಸು. ಮತ್ತೆ ಶುರು ಮಾಡುವ ಮಾತೂ ಅವನ ಬಾಯಿಂದಲೇ ಬರಬೇಕು. ಇಂಜಿನಿಯರಿಗೆ ಇದು ಅಷ್ಟು ಹಿಡಿಸಲಿಲ್ಲ. ಇರಲಿ.

ನಮ್ಮ ಸೈಟಿನಲ್ಲಿ ಆಪರೇಟರ್ ಕೊಂಕಣಿಯವನು, ರಾಡ್ ಕಟ್ಟುವವರು ಒಡಿಶಾ, ಬಂಗಾಳದವರು, ಗಾರೆಯವರು ಬಯಲುಸೀಮೆಯವರು. ಎಲ್ಲರಿಗೂ ತಿಳಿಯುವ ಎರಡೇ ಮಾತು ಇಟ್ಟುಕೊಂಡೆವು: ಬಂದ್, ಚಾಲೂ. ಬಂದ್ ಎಂದು ಮೂರು ಸಲ ಹೇಳಬೇಕು. ಕೇಳಿಸಿಕೊಂಡವನು ಅದನ್ನೇ ತಿರುಗಿ ಹೇಳಬೇಕು. ಅರ್ಧಂಬರ್ಧ ಕೇಳಿದರೂ ಬಂದ್ ಎಂದೇ ಲೆಕ್ಕ. ಮೂರು ಸಲ ಯಾಕೆಂದರೆ, ಹೊಸಬರು ಬಟನ್ ಒತ್ತುವುದಕ್ಕೂ ಮೊದಲೇ ಮಾತು ಶುರು ಮಾಡಿಬಿಡುತ್ತಾರೆ. ಸೆಟ್ ಮೊದಲ ಅಕ್ಷರ ನುಂಗುತ್ತದೆ. ಇಷ್ಟು ಚಿಕ್ಕ ಮಾತಾದರೆ ಪೂರ್ತಿಯೇ ಹೋಯಿತು.

ಇನ್ನೆರಡು ವಿಷಯ. ಬಟನ್ ಒತ್ತದೆ ದನಿ ಬಂದರೆ ತಾನೇ ಚಾಲೂ ಆಗುವ ವಾಕ್ಸ್ ಎಂಬ ಸೌಲಭ್ಯ ಹಲವು ಸೆಟ್‌ಗಳಲ್ಲಿ ಇರುತ್ತದೆ. ಅದನ್ನು ಆಫ್ ಮಾಡಿಡಿ. ವೈಬ್ರೇಟರ್ ಸದ್ದಿಗೇ ಅದು ಚಾಲೂ ಆಗಿ ಚಾನೆಲ್ ಹಿಡಿದುಕೊಂಡು ಕೂರುತ್ತದೆ. ವಾಕಿ-ಟಾಕಿಯಲ್ಲಿ ಒಮ್ಮೆಗೆ ಒಬ್ಬರೇ ಮಾತಾಡಲು ಆಗುವುದು, ಅಲ್ವಾ? ಅದಕ್ಕೇ ಪಂಪಿಗೆ ಬೇರೆ ಚಾನೆಲ್. ಚಹಾ ಬಂತಾ, ಮೊಳೆ ಎಲ್ಲಿದೆ ಎಂಬುದೆಲ್ಲ ಇನ್ನೊಂದರಲ್ಲಿ.

ಈಗ ಯಾವ ಸೆಟ್ ಎಂಬುದು. ಆನ್‌ಲೈನಲ್ಲಿ 5 ವಾಟ್ ಸೆಟ್ ಅಗ್ಗಕ್ಕೆ ಸಿಗುತ್ತಿತ್ತು. ನಾನು ತೆಗೆದುಕೊಳ್ಳಲಿಲ್ಲ. 2018ರ ನಿಯಮದ ಪ್ರಕಾರ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ, ಅರ್ಧ ವಾಟ್ ಒಳಗಿನ ಸೆಟ್ ಮಾತ್ರ. ಅದಕ್ಕೂ ಇಟಿಎ, ಅಂದರೆ ಆ ಮಾದರಿಯ ಸೆಟ್‌ಗೆ ಸರ್ಕಾರದ ಒಪ್ಪಿಗೆಯ ಪ್ರಮಾಣಪತ್ರ ಇರಬೇಕು. ಹೆಚ್ಚಿನ ಶಕ್ತಿಯದು ಬೇಕೆಂದರೆ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಮಾಡಿಸಬೇಕು. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟಕ್ಕೂ ಮಾರ್ಗಸೂಚಿ ತಂದಿದೆ. ಅದೂ ಅಲ್ಲದೆ ನಮ್ಮದು ಕಾರವಾರ. ಬಿಣಗಾ ದಾಟಿದರೆ ನೌಕಾನೆಲೆ. ಇಲ್ಲಿ ಗುರುತಿಲ್ಲದ ವೈರ್‌ಲೆಸ್ ಹಿಡಿದು ಓಡಾಡುವ ಉಸಾಬರಿ ಯಾರಿಗೆ ಬೇಕು?

ಉಳಿದಂತೆ ನಾನು ನೋಡಿದ್ದು ಮೂರು. ಗ್ಲೌಸ್ ಹಾಕಿದ ಕೈಗೂ ಸಿಗುವ ದೊಡ್ಡ ಬಟನ್. ನಮ್ಮ ಮಳೆಗೆ ಐಪಿ67, ಅಂದರೆ ಧೂಳು ಒಳಹೋಗದ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದರೂ ತಡೆಯುವ ಸೆಟ್. ಐಪಿ54 ಬರೀ ಸಿಡಿಯುವ ನೀರಿಗೆ ಸರಿ, ಆಷಾಢದ ಮಳೆಗೆ ಸಾಲದು. ಮೂರನೆಯದು ಚಾರ್ಜಿಂಗ್ ಬಿಂದುಗಳು. ಕಡಲ ಗಾಳಿಗೆ ಅವು ಹಸಿರು ಕಿಲುಬು ಹಿಡಿಯುತ್ತವೆ. ರಾತ್ರಿಯಿಡೀ ಚಾರ್ಜಿಗೆ ಇಟ್ಟಿದ್ದೇವೆ ಅಂದುಕೊಂಡರೆ ಬೆಳಿಗ್ಗೆ ಸೆಟ್ ಸತ್ತಿರುತ್ತದೆ. ಸಂಜೆ ಒಣ ಬಟ್ಟೆಯಲ್ಲಿ ಒರೆಸಿ ಇಡುವ ಕೆಲಸ ವಾಚ್‌ಮನ್‌ಗೆ ಕೊಟ್ಟಿದ್ದೇನೆ.

ಘಟ್ಟದ ಕೆಲಸ ಪೂರ್ತಿ ಬೇರೆ. ಕುಮಟಾ-ಶಿರಸಿ ರಸ್ತೆಯಲ್ಲಿ ಕತಗಾಲ ದಾಟಿ ದೇವಿಮನೆ ಘಟ್ಟದ ಕಡೆ ಹೋದರೆ ಫೋನ್ ಬಂದು ಹೋಗಿ ಮಾಡುತ್ತದೆ. ಅಲ್ಲೊಂದು ತಡೆಗೋಡೆ ಕಟ್ಟುವಾಗ ಕಾಂಕ್ರೀಟ್ ಕೆಳಗಿನಿಂದ ಬರಬೇಕಿತ್ತು. ರೆಡಿಮಿಕ್ಸ್ ಲಾರಿ ತುಂಬಿಸಿದ ಎರಡು ಗಂಟೆಯೊಳಗೆ ಖಾಲಿಯಾಗಬೇಕೆಂದು ರೆಡಿಮಿಕ್ಸ್‌ನ ಭಾರತೀಯ ಮಾನಕ ಐಎಸ್ 4926 ಹೇಳುತ್ತದೆ. ಲಾರಿ ಎಲ್ಲಿದೆ ಅಂತ ತಿಳಿಯದೆ ಇಲ್ಲಿ ಜನ ಕೈಕಟ್ಟಿ ನಿಂತರೆ ಆಗುತ್ತದಾ? ಡ್ರೈವರ್ ಕತಗಾಲದಲ್ಲಿ ಲಾರಿ ನಿಲ್ಲಿಸಿ ಫೋನ್ ಮಾಡಬೇಕು ಅಂತ ಮಾಡಿದೆವು. ಫೋನ್ ತೆಗೆಯಲು ಸಿಗ್ನಲ್ ಸಿಗುವ ತಿರುವಿನಲ್ಲಿ ನಮ್ಮವನೊಬ್ಬ. ಅಲ್ಲಿಂದ ಸೈಟಿಗೆ ಸುದ್ದಿ ಮುಟ್ಟಿಸಲು ಅವನ ಕೈಯಲ್ಲೇ ವಾಕಿ-ಟಾಕಿ. ಡಬ್ಬದ ಮೇಲೆ 5 ಕಿಲೋಮೀಟರ್ ಎಂದಿತ್ತು. ಅದು ಬಯಲಿನ ಮಾತು. ಮಧ್ಯೆ ಗುಡ್ಡದ ಮೂಲೆಯೊಂದು ಬಂದರೆ ಮಾತು ಅಲ್ಲಿಗೇ ನಿಂತಿತು. ಎರಡೂ ಕಡೆ ಕಣ್ಣಿಗೆ ಕಾಣುವ ಜಾಗದಲ್ಲಿ ಮತ್ತೊಬ್ಬನನ್ನು ನಿಲ್ಲಿಸಿ, ಅವನ ಬಾಯಿಂದ ದಾಟಿಸಿದೆವು. ಒಂದು ಕೂಲಿ ಜಾಸ್ತಿ ಬಿತ್ತು. ಒಂದು ಲಾರಿ ಕಾಂಕ್ರೀಟ್ ಎಸೆಯುವುದಕ್ಕಿಂತ ಅಗ್ಗ.

ಡ್ರಾಯಿಂಗ್, ಫೋಟೊ, ಸಾಮಾನಿನ ಲೆಕ್ಕಕ್ಕೆ ವಾಟ್ಸಾಪ್ ಸಾಕು. ಓದು ಬರದವರಿಗೆ ವಾಯ್ಸ್ ಮೆಸೇಜ್ ದೊಡ್ಡ ಅನುಕೂಲ. ಆದರೆ ಅಪಾಯದ ಮಾತಿಗೆ ಅದು ಬೇಡವೇ ಬೇಡ, ಯಾರು ಯಾವಾಗ ನೋಡುತ್ತಾರೋ ದೇವರಿಗೇ ಗೊತ್ತು. ಡ್ರಾಯಿಂಗ್ ಬದಲಾದರೆ ಹಳೆಯದನ್ನು ಗ್ರೂಪಿನಿಂದ ಡಿಲೀಟ್ ಮಾಡಿಸುತ್ತೇನೆ.

ಕಿವಿಗೆ ಇಯರ್‌ಫೋನ್ ಹಾಕಿಕೊಳ್ಳುತ್ತೇವೆ ಎಂದು ಹುಡುಗರು ಕೇಳಿದ್ದರು. ನಾನು ಒಪ್ಪಲಿಲ್ಲ. ಜೆಸಿಬಿ ಹಿಂದೆ ಬರುವ ಸದ್ದು ಆ ಕಿವಿಗೆ ಕೇಳಬೇಕು. ಕಾಲರಿಗೆ ಸಿಕ್ಕಿಸುವ ಸ್ಪೀಕರ್-ಮೈಕ್ ಕೊಡಿಸಿದೆ. ರಾಡ್ ಎತ್ತುವ ಹೈಡ್ರಾ ಕ್ರೇನಿಗೆ ಈಗಲೂ ಕೈಸನ್ನೆಯೇ. ಸನ್ನೆ ಮಾಡುವವನು ಒಬ್ಬನೇ, ಅವನು ಆಪರೇಟರ್ ಕಣ್ಣಿಗೆ ಕಾಣಬೇಕು, ಅಷ್ಟೆ.

ಈಚೆಗೆ ಸಿಮ್ ಹಾಕುವ ವಾಕಿ-ಟಾಕಿ ಬಂದಿವೆ. ಮೊಬೈಲ್ ನೆಟ್‌ವರ್ಕಿನ ಮೇಲೆ ನಡೆಯುವುದರಿಂದ ದೂರದ ಲೆಕ್ಕವೇ ಇಲ್ಲ. ಕಾರವಾರದಲ್ಲಿ ಒಂದೇ ಸಲ ಎರಡು ಕಡೆ ಕೆಲಸ ನಡೆದರೆ ಬಾಡಿಗೆಗೆ ತಂದು ನೋಡುವ ಯೋಚನೆ ಇದೆ. ದೇವಿಮನೆ ಕಡೆಗಂತೂ ಬೇಡ. ಟವರ್ ಇಲ್ಲದ ಕಡೆ ಆ ಸೆಟ್ ಏನು ಮಾಡೀತು?