ರೇಡಿಯೋ ಸ್ಕ್ಯಾನರಲ್ಲಿ ಅರ್ಧ ಮಾತು ಮಾತ್ರ ಕೇಳ್ತಿದ್ಯಾ? ಇದು ನೋಡಿ

ಹೊಸದಾಗಿ ಸ್ಕ್ಯಾನರ್ ತಗೊಂಡವ್ರು ತುಂಬಾ ಜನ ಒಂದೇ ತಪ್ಪು ಮಾಡ್ತಾರೆ, ನಾನೂ ಮಾಡಿದ್ದೆ. ರಿಪೀಟರ್ ಅಂದ್ರೆ ಸಿಂಪಲ್, ಅದು ಒಂದು ಫ್ರೀಕ್ವೆನ್ಸಿಲಿ ಕೇಳಿಸ್ಕೊಂಡು ಇನ್ನೊಂದ್ರಲ್ಲಿ ಜೋರಾಗಿ ವಾಪಸ್ ಬಿಡುತ್ತೆ, ಹ್ಯಾಮ್‌ನವರ (ಹವ್ಯಾಸಿ ರೇಡಿಯೋದವರ) 2 ಮೀಟರ್ ಬ್ಯಾಂಡಲ್ಲಿ ಈ ಎರಡರ ಮಧ್ಯೆ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ವ್ಯತ್ಯಾಸ. ನೀವು ಹಾಕ್ಬೇಕಾಗಿರೋದು ಔಟ್‌ಪುಟ್, ಅಂದ್ರೆ ರಿಪೀಟರ್ ವಾಪಸ್ ಬಿಡೋ ಫ್ರೀಕ್ವೆನ್ಸಿ. ಇನ್‌ಪುಟ್ (ಅದು ಕೇಳಿಸ್ಕೊಳ್ಳೋದು) ಹಾಕಿದ್ರೆ ಹತ್ರ ಇರೋರು ಮಾತ್ರ ಕೇಳಿಸ್ತಾರೆ (ಯಾರು ಹತ್ರ ಇದಾರೆ ಅಂತ ತಿಳ್ಕೊಳ್ಳೋಕೆ ಇದೇ ಒಳ್ಳೆ ಉಪಾಯ ಅನ್ನಿ).

ಟ್ರಂಕಿಂಗ್ ಕಥೆನೇ ಬೇರೆ. ಅಲ್ಲಿ ಒಂದಷ್ಟು ಚಾನಲ್‌ಗಳನ್ನ ಎಲ್ಲರೂ ಹಂಚ್ಕೊಂಡು ಬಳಸ್ತಾರೆ, ಯಾರಾದ್ರೂ ಬಟನ್ ಒತ್ತಿದ ತಕ್ಷಣ ಸಿಸ್ಟಮ್ಮು ಖಾಲಿ ಇರೋ ಚಾನಲ್ ಹುಡುಕಿ ಕೊಡುತ್ತೆ, ಹಾಗಾಗಿ ಪ್ರಶ್ನೆ ಒಂದು ಚಾನಲಲ್ಲಿ ಬಂದು ಉತ್ತರ ಇನ್ನೊಂದ್ರಲ್ಲಿ ಬರಬಹುದು, ನೀವು ಮಾಮೂಲಿ ಥರ ಸ್ಕ್ಯಾನ್ ಮಾಡ್ತಾ ಕೂತ್ರೆ ತಲೆಬುಡ ಗೊತ್ತಾಗಲ್ಲ. ಟ್ರಂಕಿಂಗ್ ಸ್ಕ್ಯಾನರ್ ಏನ್ ಮಾಡುತ್ತೆ ಅಂದ್ರೆ ಕಂಟ್ರೋಲ್ ಚಾನಲ್‌ನ (ಯಾರಿಗೆ ಯಾವ ಚಾನಲ್ ಅಂತ ಸಿಸ್ಟಮ್ಮು ಹೇಳೋ ಚಾನಲ್ಲು) ಡೇಟಾ ಓದ್ತಾ ಇರುತ್ತೆ, ಯಾವ ಟಾಕ್‌ಗ್ರೂಪ್‌ಗೆ (ಒಟ್ಟಿಗೆ ಮಾತಾಡೋ ಗುಂಪಿಗೆ) ಯಾವ ಚಾನಲ್ ಸಿಕ್ತು ಅಂತ ನೋಡಿ ಅಲ್ಲಿಗೆ ಜಿಗಿಯುತ್ತೆ. ಸ್ಪೀಕರಲ್ಲಿ ನಿಲ್ಲದೆ ಗರಗರ ಸದ್ದು ಬಂದ್ರೆ ಬಹುತೇಕ ಅದೇ ಕಂಟ್ರೋಲ್ ಚಾನಲ್ಲು, ಲಾಕೌಟ್ ಮಾಡ್ಬೇಡಿ (ಅಂದ್ರೆ ಸ್ಕ್ಯಾನಿಂದ ಬಿಟ್ಬಿಡ್ಬೇಡಿ)!

ಪಿ25 (ಒಂದು ಡಿಜಿಟಲ್ ರೇಡಿಯೋ ಪದ್ಧತಿ) ಸಿಸ್ಟಮ್ ಆದ್ರೆ ಸಾಮಾನ್ಯವಾಗಿ ಕಂಟ್ರೋಲ್ ಚಾನಲ್ ಫ್ರೀಕ್ವೆನ್ಸಿಗಳನ್ನ ಹಾಕಿದ್ರೆ ಸಾಕು, ಉಳಿದದ್ದನ್ನ ಅದೇ ಹೇಳುತ್ತೆ. ಎಲ್‌ಟಿಆರ್ ಅನ್ನೋ ಇನ್ನೊಂದು ಥರದ ಟ್ರಂಕಿಂಗ್‌ನಲ್ಲಿ ಪ್ರತ್ಯೇಕ ಕಂಟ್ರೋಲ್ ಚಾನಲ್ಲೇ ಇರಲ್ಲ, ಎಲ್ಲಾ ಫ್ರೀಕ್ವೆನ್ಸಿನೂ ಸರಿಯಾದ ಚಾನಲ್ ನಂಬರ್ ಕ್ರಮದಲ್ಲೇ ತುಂಬ್ಬೇಕು. ಎನ್‌ಕ್ರಿಪ್ಟ್ ಆಗಿರೋದನ್ನ ಯಾವ ಸ್ಕ್ಯಾನರೂ ಕೇಳ್ಸಲ್ಲ, ಅದಕ್ಕೆ ಅಂತ ದುಡ್ಡು ಸುರಿಯೋಕೆ ಹೋಗ್ಬೇಡಿ.