ಸ್ಕ್ವಿಡ್ ಹುರಿದರೆ ಕೆಲಸ ಹೋಗುವುದೇಕೆ? ಒಂದು ಕ್ಯಾಂಟನೀಸ್ ನುಡಿಗಟ್ಟನ್ನು ಕಲಿಯುವ ಬಗೆ

ಹಾಂಗ್‌ಕಾಂಗ್, ಮಕಾವ್ ಮತ್ತು ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಆಡುವ ಕ್ಯಾಂಟನೀಸ್ ಭಾಷೆಯಲ್ಲಿ ‘ಛಾವ್ ಯೌ ಯೂ’ ಎಂದರೆ ಅಕ್ಷರಶಃ ಸ್ಕ್ವಿಡ್ ಎಂಬ ಕಡಲಜೀವಿಯನ್ನು ಹುರಿಯುವುದು. ರೂಢಿಯ ಅರ್ಥ, ಕೆಲಸದಿಂದ ಕಿತ್ತುಹಾಕುವುದು. ಎರಡೂ ಅರ್ಥಗಳನ್ನು ಅಕ್ಕಪಕ್ಕ ಬರೆದು ಉರುಹೊಡೆಯುವ ಬದಲು ಒಂದು ಇನ್ನೊಂದರಿಂದ ಹೇಗೆ ಹುಟ್ಟಿತೆಂದು ಕಂಡುಕೊಳ್ಳಬೇಕು.

ಮೊದಲು ಉಚ್ಚಾರ ಸರಿಪಡಿಸಿಕೊಳ್ಳಿ. ಕ್ಯಾಂಟನೀಸ್‌ಗೆ ಸಾಮಾನ್ಯವಾಗಿ 6 ಸ್ವರಭೇದಗಳನ್ನು, ಎಂದರೆ ದನಿಯ ಏರಿಳಿತದ ಬಗೆಗಳನ್ನು, ಎಣಿಸುತ್ತಾರೆ. ಇಲ್ಲಿ ‘ಛಾವ್’ ಏರುತ್ತದೆ, ‘ಯೌ’ ತಗ್ಗಿ ಇಳಿಯುತ್ತದೆ, ಮಾತಿನಲ್ಲಿ ‘ಯೂ’ ಮತ್ತೆ ಏರುತ್ತದೆ. ಮೊದಲ ವ್ಯಂಜನವು ಮರಾಠಿಯ ‘ಚಾಂಗಲಾ’ದ ಚಕಾರಕ್ಕೆ ಉಸಿರು ಸೇರಿಸಿದಂತಿರುವುದರಿಂದ ಧಾರವಾಡದ ಕಿವಿಗೆ ಅದು ತೀರ ಹೊಸದಲ್ಲ. ಕೊನೆಯ ಸ್ವರಕ್ಕೆ ‘ಈ’ ಎನ್ನುತ್ತಲೇ ತುಟಿಗಳನ್ನು ದುಂಡಗೆ ಮಾಡಿ.

ಅನಂತರ ಬಾಣಲೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಕರಾವಳಿಯವರು ಬೊಂಡಾಸ್ ಎನ್ನುವ ಈ ಜೀವಿಯ ಚಪ್ಪಟೆ ತುಂಡು ಬಿಸಿ ತಾಗಿದೊಡನೆ ಸುರುಳಿ ಸುತ್ತಿಕೊಳ್ಳುತ್ತದೆ. ಹಿಂದೆ ಧಣಿಯ ಅಂಗಡಿಯಲ್ಲೇ ಉಂಡು ಮಲಗುತ್ತಿದ್ದ ಆಳು ಕೆಲಸ ಹೋದಾಗ ತನ್ನ ಹಾಸಿಗೆಯನ್ನು ಹಾಗೆಯೇ ಸುತ್ತಿಕೊಂಡು ಹೊರಡುತ್ತಿದ್ದನೆಂಬುದು ಈ ಮಾತಿಗೆ ಸಾಮಾನ್ಯವಾಗಿ ಕೊಡುವ ವಿವರಣೆ. ಸ್ಕ್ವಿಡ್ ನೋಡಿರದವರು ಸುರುಳಿ ಸುತ್ತಿ ಹೆಗಲೇರಿಸಿದ ನವಲಗುಂದದ ಜಮಖಾನೆಯನ್ನು ನೆನೆದರೂ ಸಾಕು.

ನಮ್ಮ ‘ಗಂಟುಮೂಟೆ ಕಟ್ಟು’ ಇದಕ್ಕೆ ಹತ್ತಿರದ್ದು, ಆದರೆ ಸಮಾನಾರ್ಥಕವೆಂದು ಬರೆದುಕೊಳ್ಳಬೇಡಿ. ಬಾಡಿಗೆಮನೆ ಬಿಡುವವನೂ ಊರು ತೊರೆಯುವವನೂ ಗಂಟುಮೂಟೆ ಕಟ್ಟುತ್ತಾರೆ. ಸ್ಕ್ವಿಡ್ ಹುರಿಯುವುದು ನೌಕರಿಗೆ ಮಾತ್ರ ಸಂಬಂಧಿಸಿದ್ದು. ಅಲ್ಲದೆ ಕಟ್ಟುವವನು ಹೋಗುವವನೇ, ಹುರಿಯುವವನು ಧಣಿ.

ಹೆಚ್ಚು ಅಭ್ಯಾಸ ಬೇಕಾಗುವುದು ವಾಕ್ಯರಚನೆಗೆ, ಏಕೆಂದರೆ ಈ ನುಡಿಗಟ್ಟು ನಡುವೆ ಒಡೆಯುತ್ತದೆ. ‘ಲೋ ಪಾನ್ ಛಾವ್ ಚೋ ಙೋ ಯೌ ಯೂ’ ಎಂದರೆ ‘ಧಣಿ ನನ್ನ ಸ್ಕ್ವಿಡ್ ಹುರಿದ’. ‘ಚೋ’ ಕ್ರಿಯೆ ಮುಗಿದುದನ್ನು ಸೂಚಿಸುತ್ತದೆ, ‘ಙೋ’ ಎಂದರೆ ನಾನು. (ನಮ್ಮ ವರ್ಣಮಾಲೆಯಲ್ಲಿ ಪದದ ಆರಂಭಕ್ಕೆ ಬಾರದೆ ಸುಮ್ಮನೆ ಕುಳಿತ ಙಕಾರಕ್ಕೆ, ಕೆಲಸ ಹೋದವನ ಈ ವಾಕ್ಯದಲ್ಲಿ ಕೆಲಸ ಸಿಕ್ಕಿದೆ.) ‘ಛಾವ್’ ಒಂದನ್ನೇ ಬಳಸಿಯೂ ಇದೇ ಅರ್ಥ ಹೇಳುತ್ತಾರೆ.

ಇದು ಆಡುಮಾತು, ಕಚೇರಿಯ ಪತ್ರಕ್ಕೆ ‘ಕಾಯ್ ಕೂ’ ಎಂಬ ಬೇರೆಯೇ ಶಬ್ದವಿದೆ. ಹೋಟೆಲಿನಲ್ಲಿ ಮಾತ್ರ ‘ಛಾವ್ ಯೌ ಯೂ’ ಎಂದರೆ ತಟ್ಟೆಗೆ ಬರುವುದು ಹುರಿದ ಸ್ಕ್ವಿಡ್ಡೇ. ಕೊನೆಗೆ ವಾಕ್ಯವನ್ನು ತಿರುಗಿಸಿ ನೋಡಿ: ನೌಕರನೇ ಧಣಿಯ ಸ್ಕ್ವಿಡ್ ಹುರಿದನೆಂದರೆ, ಅವನು ತಾನಾಗಿಯೇ ರಾಜೀನಾಮೆ ಎಸೆದು ಬಂದನೆಂದು ಅರ್ಥ.